ಲ್ಯಾಂಬ್ಟನ್, ವಿಲಿಯಂ: ಎರಡು ಖಂಡಗಳ ಗಡಿಯಲ್ಲಿ ಒಬ್ಬ ಮೋಜಣಿದಾರ

ವಿಲಿಯಂ ಲ್ಯಾಂಬ್ಟನ್ ಭಾರತದ ಮಹಾ ತ್ರಿಕೋನಮಿತಿ ಸರ್ವೆಗೆ ತಳಹದಿ ಹಾಕಿದ ಬ್ರಿಟಿಷ್ ಸೇನಾಧಿಕಾರಿ. ಈತನ ಕಥೆಯನ್ನು ಸಾಮಾನ್ಯವಾಗಿ 1800ರ ಬೆಂಗಳೂರಿನಿಂದ ಶುರುಮಾಡುತ್ತಾರೆ. ಆ ವರ್ಷ ಅಗರ ಮತ್ತು ಬಾಣಸವಾಡಿಗಳ ನಡುವೆ ಈತ ಸರಪಳಿ ಹಿಡಿದು ಅಳೆಸಿದ 7.4321 ಮೈಲಿಯ ಆಧಾರರೇಖೆಯೇ ಅಲ್ಲಿ ಮೊದಲ ಅಧ್ಯಾಯ. ಆದರೆ ಅಷ್ಟು ಹೊತ್ತಿಗೆ ಲ್ಯಾಂಬ್ಟನ್ನನಿಗೆ ನಲವತ್ತು ದಾಟಿ ವರ್ಷಗಳಾಗಿದ್ದವು. ಅದಕ್ಕೆ ಮುಂಚೆ ಸುಮಾರು ಹದಿಮೂರು ವರ್ಷ ಈತ ಉತ್ತರ ಅಮೆರಿಕದಲ್ಲಿ, ಬ್ರಿಟಿಷರ ಕೈಯಲ್ಲಿ ಉಳಿದಿದ್ದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದಲ್ಲಿ, ವಲಸಿಗರಿಗೆ ಕಾಡು ಅಳೆದುಕೊಡುತ್ತ, ಆಮೇಲೆ ಬ್ಯಾರಕ್ಕು ನೋಡಿಕೊಳ್ಳುತ್ತ ಕಳೆದಿದ್ದ. ಚರಿತ್ರಕಾರರು ಈ ಅವಧಿಯನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಈತನ ಸಂಸಾರಕ್ಕೆ ಅಷ್ಟೂ ಜಾಗ ಸಿಗುವುದಿಲ್ಲ. ಈ ಎರಡು ಮೌನಗಳಿಗೂ ಕಾರಣ ಒಂದೇ ಎಂಬುದು ಈ ಲೇಖನದ ವಾದ. ನೆಲ ಅಳೆದವನ ಬದುಕು ಕಾಗದದಲ್ಲಿ ಉಳಿಯುವುದು ಅಳೆದ ನೆಲದಲ್ಲಿ ಅವನಿಗೂ ಪಾಲು ಬಂದಾಗ. ಲ್ಯಾಂಬ್ಟನ್ ಸಂಬಳದ ಮೇಲೆ ಬದುಕಿ ಸಂಬಳದಾರನಾಗಿಯೇ ಸತ್ತವನು. ಹೀಗಾಗಿ ಈತನ ಗುರುತನ್ನು ಹಕ್ಕುಪತ್ರಗಳಲ್ಲಿ ಹುಡುಕಿ ಫಲವಿಲ್ಲ; ನೇಮಕದ ಪಟ್ಟಿ, ಸಂಬಳದ ಪುಸ್ತಕ, ಶಿಬಿರದ ಕಾಗದಗಳಲ್ಲಿ ಹುಡುಕಬೇಕು. ಹಾಗೆ ಹುಡುಕಿದರೆ ಅಮೆರಿಕದ ವರ್ಷಗಳೂ ಶಿಬಿರದ ಸಂಸಾರವೂ ಮೈಸೂರು ಸರ್ವೆಗೆ ಹೊರಗಿನ ಸಂಗತಿಗಳಾಗಿ ಉಳಿಯುವುದಿಲ್ಲ.

ಅಮೆರಿಕದ ಗಡಿ ಮೋಜಣಿದಾರರೆಂದರೆ ಮೊದಲು ನೆನಪಾಗುವ ಹೆಸರುಗಳು ಬೇರೆ. ಜಾರ್ಜ್ ವಾಷಿಂಗ್ಟನ್ ಹದಿನೇಳರ ಹರೆಯದಲ್ಲಿ, 1749ರಲ್ಲಿ, ವರ್ಜೀನಿಯಾದ ಕಲ್‌ಪೆಪರ್ ಕೌಂಟಿಯ ಸರ್ವೇಯರ್ ಆದ. ಮರುವರ್ಷವೇ ಸರ್ವೆಯಲ್ಲಿ ದುಡಿದ ಹಣದಿಂದ ಶೆನಂಡೋವಾ ಕಣಿವೆಯಲ್ಲಿ ಜಮೀನು ಕೊಂಡ. ಥಾಮಸ್ ಜೆಫರ್‌ಸನ್ನನ ತಂದೆ ಪೀಟರ್ ಜೆಫರ್‌ಸನ್ ಅದೇ 1749ರಲ್ಲಿ ಜೋಶುವಾ ಫ್ರೈ ಜೊತೆ ವರ್ಜೀನಿಯಾ ಮತ್ತು ಉತ್ತರ ಕ್ಯಾರೊಲಿನಾ ನಡುವಿನ ಎಲ್ಲೆಯನ್ನು ಪಶ್ಚಿಮಕ್ಕೆ ಮುಂದುವರಿಸಿದ. 8 ಲಕ್ಷ ಎಕರೆಯ ಮೇಲೆ ಹಕ್ಕು ಪಡೆದ ಲಾಯಲ್ ಕಂಪನಿಯಲ್ಲಿ ಅವನೂ ಪಾಲುದಾರ. ಯಾವ ತಿರುವಿನಲ್ಲಿ ಒಳ್ಳೆಯ ಮಣ್ಣಿದೆ, ಯಾವ ತೊರೆ ಬೇಸಿಗೆಯಲ್ಲೂ ಬತ್ತುವುದಿಲ್ಲ ಎಂಬುದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿದ್ದದ್ದು ಸರಪಳಿ ಹಿಡಿದವನಿಗೆ. ಅದನ್ನು ಆಸ್ತಿಯಾಗಿ ಮಾಡಿಕೊಂಡವನ ಮನೆತನಕ್ಕೆ ಕ್ರಯಪತ್ರ, ಉಯಿಲು, ಪಾಲುಪಟ್ಟಿಗಳ ಉದ್ದನೆಯ ಸಾಲೇ ಉಳಿಯಿತು. ಇಂಥವರ ವಂಶವೃಕ್ಷ ಬರೆಯುವುದು ಕಷ್ಟದ ಕೆಲಸವಲ್ಲ. ನಮ್ಮ ಕಡೆಯೂ ಇದೇ ನಿಯಮ ನಡೆದಿದೆ. ಮುಂಬಯಿಯ ಕುರ್ಲಾವನ್ನೇ ನೋಡಬಹುದು. 1548ರಲ್ಲಿ ಪೋರ್ಚುಗೀಸ್ ಗವರ್ನರ್ ಕುರ್ಲಾವನ್ನೂ ಮೋಹಿಲಿ, ಮರೋಳ್, ಕೋಲೆಕಲ್ಯಾಣ ಮೊದಲಾದ ಆರು ಹಳ್ಳಿಗಳನ್ನೂ ಸೈನಿಕ ಸೇವೆಯ ಬಹುಮಾನವಾಗಿ ಅಂಟೋನಿಯೊ ಪೆಸೋವಾಗೆ ಕೊಟ್ಟ. 1808ರಲ್ಲಿ ಬ್ರಿಟಿಷ್ ಸರ್ಕಾರ ಅವೇ ಏಳು ಹಳ್ಳಿಗಳನ್ನು ಪಾರ್ಸಿ ವರ್ತಕ ಹೊರ್ಮಸ್‌ಜಿ ಬಮನ್‌ಜಿ ವಾಡಿಯಾಗೆ ಕೊಟ್ಟು, ಬದಲಿಗೆ ಅಪೊಲೊ ಬಂದರಿನ ಬಾಗಿಲ ಬಳಿಯ ಒಂದು ತುಂಡು ನೆಲ ಪಡೆಯಿತು. ವರ್ಷದ ಗೇಣಿ 3587 ರೂಪಾಯಿ. ನೆಲ ಪಡೆದವರ ಹೆಸರುಗಳು ನಾಲ್ಕೂವರೆ ಶತಮಾನ ದಾಟಿ ಬಂದಿವೆ. ಅದೇ ನೆಲದ ಎಲ್ಲೆ ತುಳಿದು ಅಳೆದವರ ಹೆಸರುಗಳು ಹಾಗೆ ಬಂದಿಲ್ಲ. ಲ್ಯಾಂಬ್ಟನ್ ಈ ಎರಡನೆಯ ಸಾಲಿಗೆ ಸೇರಿದವನು.

ಈತ ಹುಟ್ಟಿದ್ದು ಇಂಗ್ಲೆಂಡಿನ ಯಾರ್ಕ್‌ಷೈರಿನ ನಾರ್ತಲರ್ಟನ್ ಬಳಿಯ ಕ್ರಾಸ್‌ಬಿ ಗ್ರೇಂಜ್‌ನಲ್ಲಿ, 1750ರ ದಶಕದಲ್ಲಿ. ಹುಟ್ಟಿದ ವರ್ಷವನ್ನು ಕೆಲವರು 1753 ಎನ್ನುತ್ತಾರೆ, ಕೆಲವರು 1756. ದೊಡ್ಡ ಮನೆತನದ ಮಗುವಾಗಿದ್ದರೆ ಈ ಗೊಂದಲ ಇರುತ್ತಿರಲಿಲ್ಲ. ಡರ್ಹಮ್‌ನ ಅರ್ಲ್ ಆಗಿ 1838ರಲ್ಲಿ ಕೆನಡಾಕ್ಕೆ ಗವರ್ನರ್ ಜನರಲ್ ಆಗಿ ಬಂದ ಜಾನ್ ಜಾರ್ಜ್ ಲ್ಯಾಂಬ್ಟನ್ ಬೇರೆ. ಹೆಸರೂ ಕೆನಡಾದ ನಂಟೂ ಒಂದೇ ಎಂದು ಇಬ್ಬರನ್ನು ಬೆಸೆಯುವುದು ಸರಿಯಲ್ಲ. ನಮ್ಮ ಲ್ಯಾಂಬ್ಟನ್ ಬಡ ಮನೆಯವನು. ಊರಿನ ಗ್ರಾಮರ್ ಶಾಲೆಯಲ್ಲಿ ಕಲಿತ ಗಣಿತವೇ ಬಂಡವಾಳ. 1781ರಲ್ಲಿ ಲಾರ್ಡ್ ಫಾಕನ್‌ಬರ್ಗನ ಕಾಲಾಳು ಪಡೆಯಲ್ಲಿ ಎನ್‌ಸೈನ್ ಹುದ್ದೆ ಸಿಕ್ಕಿತು. ಅಲ್ಲಿಂದ 33ನೇ ರೆಜಿಮೆಂಟಿಗೆ ವರ್ಗವಾಯಿತು. ಈ ರೆಜಿಮೆಂಟು ಬ್ರಿಟಿಷ್ ಜನರಲ್ ಕಾರ್ನ್‌ವಾಲಿಸನದು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, ಯಾರ್ಕ್‌ಟೌನ್‌ನಲ್ಲಿ ಅವನು ಶರಣಾದಾಗ ಲ್ಯಾಂಬ್ಟನ್ನನೂ ಸೆರೆ ಸಿಕ್ಕ ಎಂಬ ಮಾತು ಒಂದು ಜೀವನಚರಿತ್ರೆಯಿಂದ ಇನ್ನೊಂದಕ್ಕೆ ಹರಿದುಬಂದಿದೆ. ಆದರೆ ಯಾರ್ಕ್‌ಟೌನ್ ಬಿದ್ದದ್ದು 1781ರ ಅಕ್ಟೋಬರ್ 19ರಂದು. 33ನೇ ರೆಜಿಮೆಂಟಿಗೆ ಈತ ಸೇರಿದ್ದು 1782ರಲ್ಲಿ ಎಂದು ಅದೇ ಜೀವನಚರಿತ್ರೆಗಳು ಹೇಳುತ್ತವೆ. ಎರಡೂ ಒಟ್ಟಿಗೆ ನಿಜವಾಗಲಾರವು. ರೆಜಿಮೆಂಟಿನ ಕಥೆಯನ್ನು ವ್ಯಕ್ತಿಯ ಕಥೆಯಾಗಿ ಓದಿಕೊಂಡಿದ್ದರಿಂದ ಹುಟ್ಟಿದ ತಪ್ಪು ಇದೆಂದು ಊಹಿಸುವುದೇ ಹೆಚ್ಚು ಸಮಂಜಸ. ಬೇರೆ ಕಾಗದವಿಲ್ಲದ ಮನುಷ್ಯನಿಗೆ ದಂಡಿನ ಚರಿತ್ರೆಯನ್ನೇ ಹೊದಿಸುವುದು ಸುಲಭ.

ಯುದ್ಧ ಮುಗಿದ ಮೇಲಿನ ವರ್ಷಗಳ ಚಿತ್ರ ಇದಕ್ಕಿಂತ ಸ್ಪಷ್ಟ. ಬ್ರಿಟಿಷ್ ರಾಜನ ಪಕ್ಷ ವಹಿಸಿದ್ದರಿಂದ ಹೊಸ ಗಣರಾಜ್ಯದಲ್ಲಿ ನೆಲೆ ಕಳೆದುಕೊಂಡ ಸಾವಿರಾರು ಕುಟುಂಬಗಳು 1783ರಲ್ಲಿ ಸೇಂಟ್ ಜಾನ್ ನದಿಯ ಬಾಯಿಗೆ ಬಂದಿಳಿದವು. ಅವರಿಗಾಗಿಯೇ 1784ರಲ್ಲಿ ನ್ಯೂ ಬ್ರನ್ಸ್‌ವಿಕ್ಕನ್ನು ಪ್ರತ್ಯೇಕ ಪ್ರಾಂತ್ಯ ಮಾಡಲಾಯಿತು. ಮನೆ ಕಟ್ಟುವ ಮುಂಚೆ ನೆಲ ಬೇಕು, ನೆಲಕ್ಕೆ ಎಲ್ಲೆ ಬೇಕು. ಲ್ಯಾಂಬ್ಟನ್ ಮೊದಲು ಆ ಅಳತೆಯ ಕೆಲಸದಲ್ಲಿ ತೊಡಗಿದ. ಮುಂದೆ ವರ್ಷಕ್ಕೆ 400 ಪೌಂಡ್ ಸಂಬಳದ ಬ್ಯಾರಕ್ ಮಾಸ್ಟರ್ ಆಗಿ ಸೇಂಟ್ ಜಾನ್‌ನಲ್ಲಿ ನೆಲೆನಿಂತ. ಅಲ್ಲಿ ಒಂದು ಸೂರ್ಯಗ್ರಹಣವನ್ನು ಮಸಿ ಹಿಡಿದ ಗಾಜಿಲ್ಲದೆ ನೋಡಿದ್ದರಿಂದ ಒಂದು ಕಣ್ಣಿನ ದೃಷ್ಟಿ ಕೆಟ್ಟಿತು. ದಕ್ಷಿಣ ಭಾರತದ ಬೆಟ್ಟಗಳನ್ನೆಲ್ಲ ಈತ ದೂರದರ್ಶಕದಲ್ಲಿ ಗುರಿಹಿಡಿದದ್ದು ಉಳಿದ ಒಂದೇ ಕಣ್ಣಿನಿಂದ. ಆ ಪ್ರಾಂತ್ಯದ ದೊಡ್ಡ ತಲೆನೋವು ಅದರ ಪಶ್ಚಿಮದ ಗಡಿ. 1783ರ ಪ್ಯಾರಿಸ್ ಒಪ್ಪಂದ ಸೇಂಟ್ ಕ್ರೊಯಿ ನದಿಯನ್ನು ಎಲ್ಲೆ ಎಂದು ಬರೆದಿತ್ತು. ನೆಲದ ಮೇಲೆ ಹೋಗಿ ನೋಡಿದರೆ ಯಾವ ನದಿ ಸೇಂಟ್ ಕ್ರೊಯಿ ಎಂಬುದರಲ್ಲೇ ಒಮ್ಮತವಿರಲಿಲ್ಲ. ಅಮೆರಿಕನ್ನರು ಪೂರ್ವದ ನದಿಯನ್ನು ತೋರಿಸಿದರು, ಬ್ರಿಟಿಷರು ಪಶ್ಚಿಮದ್ದನ್ನು. 1604ರ ಫ್ರೆಂಚ್ ವಸತಿಯ ಅವಶೇಷಗಳನ್ನು ಒಂದು ಪುಟ್ಟ ದ್ವೀಪದಲ್ಲಿ 1797ರಲ್ಲಿ ಅಗೆದು ತೋರಿಸಿದ ಮೇಲೆ, 1798ರಲ್ಲಿ ಅದು ಇತ್ಯರ್ಥವಾಯಿತು. ಅಲ್ಲಿಂದ ಉತ್ತರದ ಗಡಿಗೆ 1842ರವರೆಗೆ ಕಾಯಬೇಕಾಯಿತು. ಈ ಗಡಿಯ ಅಳತೆಯಲ್ಲೂ ಲ್ಯಾಂಬ್ಟನ್ ದುಡಿದಿದ್ದನೆಂದು ಹೇಳುತ್ತಾರೆ. ದುಡಿದಿರಲಿ ಬಿಡಲಿ, ಈ ವ್ಯಾಜ್ಯದ ನಡುವೆಯೇ ಈತ ಬದುಕಿದ. ಕಾಡಿನಲ್ಲಿ ದಿಕ್ಸೂಚಿ ಇಟ್ಟು, ಸರಪಳಿ ಎಳೆದು, ಮರದ ಮೇಲೆ ಗುರುತು ಕೆತ್ತುತ್ತ ಹೋದರೆ ಒಂದೊಂದು ಹಿಡುವಳಿಯೂ ತನ್ನಷ್ಟಕ್ಕೆ ಸರಿಯಾಗಿಯೇ ಕಾಣುತ್ತದೆ. ನೂರು ಹಿಡುವಳಿಗಳನ್ನು ಒಂದೇ ನಕ್ಷೆಯಲ್ಲಿ ಜೋಡಿಸಲು ಕೂತಾಗ ಒಂದರ ಮೇಲೊಂದು ಏರುತ್ತವೆ, ಇಲ್ಲವೇ ನಡುವೆ ಯಾರಿಗೂ ಸೇರದ ಪಟ್ಟಿ ಉಳಿಯುತ್ತದೆ. ಕಾಂತಮುಳ್ಳು ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಹೊರಳುತ್ತದೆ. ಸರಪಳಿ ಉಬ್ಬುತಗ್ಗಿನಲ್ಲಿ ಮೋಸ ಮಾಡುತ್ತದೆ. ತಪ್ಪು ಕೂಡುತ್ತ ಹೋಗುತ್ತದೆ. ತುಂಡುಗಳನ್ನು ಸೇರಿಸಿ ನಾಡಿನ ನಕ್ಷೆ ಮಾಡಲಾಗದು, ಮೊದಲು ನಾಡಿಗೆ ಚೌಕಟ್ಟು ಬೇಕು ಎಂಬ ಪಾಠಕ್ಕೆ ನ್ಯೂ ಬ್ರನ್ಸ್‌ವಿಕ್‌ಗಿಂತ ಒಳ್ಳೆಯ ಶಾಲೆ ಆ ಕಾಲದಲ್ಲಿ ಕಡಿಮೆ.

ಇದಕ್ಕೆ ಎದ್ದುನಿಲ್ಲುವ ಆಕ್ಷೇಪ ಗಟ್ಟಿಯಾದದ್ದೇ. ತ್ರಿಕೋನಮಿತಿ ಸರ್ವೆಯ ವಿಧಾನವನ್ನು ಲ್ಯಾಂಬ್ಟನ್ ಅಮೆರಿಕದಲ್ಲಿ ಕಲಿಯಲಿಲ್ಲ. ಅಲ್ಲಿ ಅದು ಬಳಕೆಯಲ್ಲೇ ಇರಲಿಲ್ಲ. 1784ರಲ್ಲಿ ಲಂಡನ್ ಬಳಿ ಆಧಾರರೇಖೆ ಅಳೆದು ಗ್ರೀನಿಚ್ ಮತ್ತು ಪ್ಯಾರಿಸ್ ವೀಕ್ಷಣಾಲಯಗಳನ್ನು ತ್ರಿಕೋನಗಳಿಂದ ಜೋಡಿಸಲು ಹೊರಟ ಜನರಲ್ ವಿಲಿಯಂ ರಾಯ್‌ನ ವರದಿಗಳೇ ಈತನ ಮಾದರಿ. ಬೆಂಗಳೂರಿನ ಕೆಲಸ ಹೆಜ್ಜೆಹೆಜ್ಜೆಗೂ ಅದನ್ನು ಅನುಸರಿಸುತ್ತದೆ. ಹಾಗಾದರೆ ಬೇರು ಇಂಗ್ಲೆಂಡಿನಲ್ಲಿದೆ, ನ್ಯೂ ಬ್ರನ್ಸ್‌ವಿಕ್‌ನಲ್ಲಿ ಅಲ್ಲ ಎನ್ನಬಹುದು. ವಿಧಾನದ ಮಟ್ಟಿಗೆ ಈ ಮಾತನ್ನು ಒಪ್ಪಲೇಬೇಕು. ಆದರೆ ರಾಯ್‌ನ ವರದಿಗಳು ಭಾರತದಲ್ಲಿದ್ದ ಎಷ್ಟೋ ಎಂಜಿನಿಯರ್ ಅಧಿಕಾರಿಗಳ ಕೈಗೆ ಎಟುಕುವಂತಿದ್ದವು. ಪರ್ಯಾಯದ್ವೀಪವನ್ನು ಒಂದು ಕರಾವಳಿಯಿಂದ ಇನ್ನೊಂದಕ್ಕೆ ತ್ರಿಕೋನಗಳಲ್ಲಿ ಹೊಲಿಯಬೇಕೆಂದು ಪಟ್ಟು ಹಿಡಿದವನು ಎಂಜಿನಿಯರ್ ಅಲ್ಲದ ಒಬ್ಬ ಕಾಲಾಳು ಲೆಫ್ಟಿನೆಂಟ್. ದಂಡಿನ ಅಧಿಕಾರಿಗಳು ಸಿವಿಲ್ ಹುದ್ದೆ ಇಲ್ಲವೇ ದಂಡು, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂಬ ಆಜ್ಞೆ ಬಂದಾಗ ಈತ ಬ್ಯಾರಕ್ಕಿನ ಹುದ್ದೆ ಬಿಟ್ಟು ಆರ್ಥರ್ ವೆಲ್ಲೆಸ್ಲಿಯ ಕೈಕೆಳಗಿದ್ದ ತನ್ನ ರೆಜಿಮೆಂಟನ್ನು ಭಾರತದಲ್ಲಿ ಸೇರಿದ. ಬಂದ ಕೆಲವೇ ವರ್ಷಗಳಲ್ಲಿ ಕಲ್ಕತ್ತೆಯ 'ಏಷಿಯಾಟಿಕ್ ರಿಸರ್ಚಸ್'ನಲ್ಲಿ ಯಂತ್ರಗಳ ಚಲನೆಯ ಕುರಿತ ಈತನ ಗಣಿತ ಪ್ರಬಂಧ ಪ್ರಕಟವಾಯಿತು. ಆ ಗಣಿತ ದಂಡಿನ ಹಡಗಿನಲ್ಲಿ ಕಲಿತದ್ದಲ್ಲ. ಬ್ಯಾರಕ್ಕಿನ ದೀರ್ಘ ಚಳಿಗಾಲಗಳಲ್ಲಿ ಒಬ್ಬನೇ ಕೂತು ಓದಿದ್ದು ಎಂದೇ ತಿಳಿಯಬೇಕು. 1799ರ ಶ್ರೀರಂಗಪಟ್ಟಣದ ದಂಡಯಾತ್ರೆಯ ಪ್ರಸಂಗವೂ ಇದಕ್ಕೆ ಹೊಂದುತ್ತದೆ. ರಾತ್ರಿ ನಡಿಗೆಯಲ್ಲಿ ಜನರಲ್ ಬೇರ್ಡ್‌ನ ತುಕಡಿ ಉತ್ತರಕ್ಕೆ ಹೋಗುವ ಬದಲು ದಕ್ಷಿಣಕ್ಕೆ, ಟಿಪ್ಪುವಿನ ಪಡೆಯ ಕಡೆಗೇ ಹೊರಟಿದೆಯೆಂದು ಈತ ನಕ್ಷತ್ರ ನೋಡಿ ಎಚ್ಚರಿಸಿದ. ಮೊದಲು ನಂಬದ ಬೇರ್ಡ್ ಕೊನೆಗೆ ದಿಕ್ಸೂಚಿ ನೋಡಿ ಒಪ್ಪಿಕೊಂಡ. ಕಾಡಿನಲ್ಲಿ ಆಕಾಶ ನೋಡಿ ದಾರಿ ಕಂಡುಕೊಂಡ ಅಭ್ಯಾಸವಿದ್ದವನಿಗೆ ಇದು ಹೊಸ ವಿದ್ಯೆಯಾಗಿರಲಿಲ್ಲ.

ಎರಡನೆಯ ಆಕ್ಷೇಪ ರಾಜಕೀಯದ್ದು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಗೆದ್ದ ನಾಡನ್ನು ಅಳೆಯುವುದು ಈಸ್ಟ್ ಇಂಡಿಯಾ ಕಂಪನಿಗೆ ಬೇಕಿತ್ತು, ಲ್ಯಾಂಬ್ಟನ್ ಇಲ್ಲದಿದ್ದರೆ ಇನ್ನೊಬ್ಬ ಬರುತ್ತಿದ್ದ ಎಂದು ವಾದಿಸುವವರಿದ್ದಾರೆ. ಆದರೆ ಆ ಅಗತ್ಯವನ್ನು ಪೂರೈಸಲು ಬೇರೆಯವರು ಆಗಲೇ ನೇಮಕಗೊಂಡಿದ್ದರು. ಗಡಿ, ಕೋಟೆ, ಕೆರೆ, ಹಳ್ಳಿಗಳ ವಿವರಕ್ಕೆ ಕಾಲಿನ್ ಮೆಕೆಂಜಿ. ಬೆಳೆ, ಜಾತಿ, ಕಸುಬುಗಳ ವಿವರಕ್ಕೆ ಫ್ರಾನ್ಸಿಸ್ ಬುಕಾನನ್. ಕಂದಾಯಕ್ಕೂ ದಂಡಿಗೂ ಅಷ್ಟು ಸಾಕಾಗಿತ್ತು. ಲ್ಯಾಂಬ್ಟನ್ನನ ಯೋಜನೆ ಇದರ ಮೇಲಿನದು, ವೆಲ್ಲೆಸ್ಲಿಯ ಬೆಂಬಲದಿಂದ ಮದ್ರಾಸ್ ಸರ್ಕಾರದ ಒಪ್ಪಿಗೆ ಪಡೆದದ್ದು. ಖರ್ಚು ನೋಡಿಕೊಳ್ಳುವವರಿಗೆ ಅದರ ಉಪಯೋಗ ತಿಳಿಯಲಿಲ್ಲ. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿಯವರಿಗೆ ಹೇಳಿದರೆ ಸಾಕು, ಅದಕ್ಕೆ ತ್ರಿಕೋನ ಯಾಕೆ ಎಂದು ಮದ್ರಾಸಿನ ಹಣಕಾಸು ಸಮಿತಿಯ ಸದಸ್ಯನೊಬ್ಬ ಕೇಳಿದ್ದು ಪ್ರಸಿದ್ಧ. ಉತ್ತರ ಅಳತೆಯಿಂದಲೇ ಬಂತು. ಮದ್ರಾಸಿನಿಂದ ಮಂಗಳೂರಿಗೆ ಅಡ್ಡವಾಗಿ 400 ಮೈಲಿ ಎಂದು ನಂಬಿದ್ದ ಪರ್ಯಾಯದ್ವೀಪ 360 ಮೈಲಿಯಷ್ಟೇ ಇತ್ತು. ನಲವತ್ತು ಮೈಲಿ ನೆಲ ನಕ್ಷೆಯಲ್ಲಿ ಮಾತ್ರ ಇತ್ತು. ಸೇಂಟ್ ಕ್ರೊಯಿ ಬಳಿ ಕಾಗದದ ಮೇಲಿನ ನದಿಗೂ ನೆಲದ ಮೇಲಿನ ನದಿಗೂ ತಾಳೆಯಾಗದ್ದನ್ನು ನೋಡಿದ್ದವನಿಗೆ ಇಲ್ಲಿ ಆಶ್ಚರ್ಯಪಡುವಂಥದ್ದು ಹೆಚ್ಚಿರಲಾರದು.

ಬೆಂಗಳೂರಿನ ಅಳತೆಯನ್ನು ಹತ್ತಿರದಿಂದ ನೋಡಿದರೆ ಈತನ ಮನೋಧರ್ಮ ಗೊತ್ತಾಗುತ್ತದೆ. ಬಳಸಿದ ಉಕ್ಕಿನ ಸರಪಳಿ ಲಂಡನ್ನಿನ ಜೆಸ್ಸಿ ರಾಮ್ಸ್‌ಡೆನ್ ಮಾಡಿದ್ದು: 100 ಅಡಿ ಉದ್ದ, ಎರಡೂವರೆ ಅಡಿಯ 40 ಕೊಂಡಿಗಳು. ಮೂಲತಃ ಅದು ಮೆಕಾರ್ಟ್ನಿಯ ರಾಯಭಾರದೊಂದಿಗೆ ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ ಬೇಡವಾಗಿ, ಡಾ. ಡಿನ್‌ವಿಡಿ ಎಂಬಾತನ ಕೈ ಸೇರಿ ಕಲ್ಕತ್ತೆಗೆ ಬಂದಿತ್ತು. ಅದನ್ನು ನೆಲದ ಮೇಲೆ ಎಳೆಯುವಂತಿರಲಿಲ್ಲ. ಮುಕ್ಕಾಲಿಗಳ ಮೇಲೆ ಸಮಮಟ್ಟದಲ್ಲಿ ಇರಿಸಿದ ಮರದ ದೋಣಿಗಳಲ್ಲಿ ಮಲಗಿಸಿ, ಬಿಗಿದು, ಪಕ್ಕದಲ್ಲಿಟ್ಟ ಉಷ್ಣಮಾಪಕಗಳನ್ನು ಓದಿ ಬರೆದುಕೊಂಡು, ಆಮೇಲೆ ಮುಂದಕ್ಕೆ ಸಾಗಿಸಬೇಕು. 1800ರ ಅಕ್ಟೋಬರ್ 14ರಿಂದ ಡಿಸೆಂಬರ್ 10ರವರೆಗೆ ಇದೇ ಕೆಲಸ. ಉಷ್ಣಮಾಪಕ ಯಾಕೆಂದರೆ, 100 ಅಡಿಯ ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಗೆ ಮಿಲಿಮೀಟರಿನ ಮೂರನೇ ಒಂದರಷ್ಟು ಹಿಗ್ಗುತ್ತದೆ; ಏಳೂವರೆ ಮೈಲಿಗೆ ಹತ್ತಿರದ ಗೆರೆಯಲ್ಲಿ ಆ ಒಂದು ಡಿಗ್ರಿ ತಪ್ಪಿದರೆ ಸುಮಾರು 14 ಸೆಂಟಿಮೀಟರ್ ವ್ಯತ್ಯಾಸ. 1802ರ ಏಪ್ರಿಲ್ 10ರಂದು ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಹೊಸ ಆಧಾರರೇಖೆ ತೊಡಗಿತು. ಅಲ್ಲಿಂದ ತ್ರಿಕೋನಗಳು ಘಟ್ಟ ಹತ್ತಿ ಮೈಸೂರು ಸೀಮೆಗೆ ಬಂದ ಮೇಲೆ, 1804ರಲ್ಲಿ ಬೆಂಗಳೂರಿನಲ್ಲಿ ಮತ್ತೊಂದು ರೇಖೆಯನ್ನು ನೇರವಾಗಿ ಅಳೆದು ತಾಳೆ ನೋಡಿದರು. ಲೆಕ್ಕಕ್ಕೂ ಅಳತೆಗೂ ಬಂದ ಅಂತರ 3.7 ಇಂಚು, ಅಂದರೆ ಒಂಬತ್ತೂವರೆ ಸೆಂಟಿಮೀಟರಿಗೂ ಕಡಿಮೆ. ಈ ರೇಖೆಯನ್ನು ಅಳೆದವನು ಈತನದೇ ರೆಜಿಮೆಂಟಿನ ಜಾನ್ ವಾರನ್. 1802ರಲ್ಲಿ ಮೈಸೂರಿನ ಗಡಿ ಗುರುತಿಸುವಾಗ ಕೋಲಾರದ ಚಿನ್ನದ ಸುದ್ದಿಯ ಬೆನ್ನು ಹತ್ತಿದ ವಾರನ್ ಇವನೇ.

ಇನ್ನು ಸಂಸಾರದ ವಿಷಯ. ಲ್ಯಾಂಬ್ಟನ್ ಮದುವೆಯಾಗಲಿಲ್ಲ. ಆದರೆ ಶಿಬಿರದಲ್ಲಿ ಈತನಿಗೆ ಸಂಸಾರವಿತ್ತು, ಮಕ್ಕಳಿದ್ದರು. ಕುಮ್ಮರ್‌ಬೂ ಎಂಬ ಭಾರತೀಯ ಹೆಣ್ಣಿನ ಹೆಸರು ಈತನ ಬದುಕಿನೊಂದಿಗೆ ಉಳಿದುಬಂದಿದೆ. ಬ್ರಿಟಿಷ್ ಕಿವಿಗೆ ಬಿದ್ದು ಬ್ರಿಟಿಷ್ ಲೇಖನಿಯಿಂದ ಇಳಿದ ಆ ರೂಪದಿಂದ ಅವಳ ಊರು, ಮನೆತನಗಳನ್ನು ಊಹಿಸಹೊರಡುವುದು ಅವಿವೇಕ. ಇಪ್ಪತ್ತು ವರ್ಷ ಗುಡಾರದಿಂದ ಗುಡಾರಕ್ಕೆ, ಬೆಟ್ಟದಿಂದ ಬೆಟ್ಟಕ್ಕೆ ಸಾಗಿದ ದಂಡಿಗೆ ಖಾಯಂ ಮನೆಯೂ ಇರಲಿಲ್ಲ, ಜಮೀನೂ ಇರಲಿಲ್ಲ. 1833ರ ಚಾರ್ಟರ್ ಕಾಯ್ದೆಯವರೆಗೆ ಕಂಪನಿಯ ನಾಡಿನಲ್ಲಿ ಯುರೋಪಿಯನ್ನರು ಜಮೀನು ಕೊಳ್ಳುವುದಕ್ಕೇ ಕಟ್ಟುಪಾಡಿತ್ತು. ವರ್ಜೀನಿಯಾದ ಸರ್ವೇಯರ್ ಮಗನಿಗೆ ತೋಟ ಬಿಟ್ಟುಹೋದ. ಮೈಸೂರಿನ ಸರ್ವೇಯರಿಗೆ ಬಿಟ್ಟುಹೋಗಲು ಉಳಿತಾಯದ ಹಣವನ್ನುಳಿದು ಹೆಚ್ಚಿನದೇನೂ ಇರಲಿಲ್ಲ. ಮಕ್ಕಳಿಗೆ ತಂದೆಯ ಹುದ್ದೆಯೂ ಮುಚ್ಚಿದ ಬಾಗಿಲು. ತಂದೆತಾಯಿಗಳಲ್ಲಿ ಒಬ್ಬರು ಭಾರತೀಯರಾಗಿದ್ದವರನ್ನು ಕಂಪನಿ 1791ರಿಂದ ತನ್ನ ಮೇಲ್ದರ್ಜೆಯ ಸೇವೆಗಳಿಂದ ಹೊರಗಿಟ್ಟಿತ್ತು.

ಗಣಿತಜ್ಞನ ಲೇಖನದಲ್ಲಿ ಮನೆಯ ಸಂಗತಿ ಯಾಕೆ ಎಂದು ಕೇಳುವವರಿಗೆ ಇಲ್ಲಿಯೇ ಉತ್ತರವಿದೆ. ಹಾಗೆ ಹೊರಗುಳಿದ ಮಕ್ಕಳ ದುಡಿಮೆಯ ಮೇಲೆಯೇ ಸರ್ವೆ ನಿಂತಿತ್ತು. ಮೈಕೇಲ್ ಟಾಪಿಂಗ್ 1794ರಲ್ಲಿ ಮದ್ರಾಸಿನಲ್ಲಿ ತೆರೆದ ಸರ್ವೆ ಶಾಲೆಗೆ ಹುಡುಗರು ಬಂದದ್ದು ಸೈನಿಕರ ಅನಾಥ ಮಕ್ಕಳ ಆಶ್ರಮದಿಂದ. ಅವರಲ್ಲಿ ಬಹಳ ಮಂದಿಯ ತಂದೆ ಬ್ರಿಟಿಷ್ ಸೈನಿಕ, ತಾಯಿ ಭಾರತೀಯಳು. ಜೋಶುವಾ ಡಿ ಪೆನ್ನಿಂಗ್, ಪೀಟರ್ ಲಾರೆನ್ಸ್, ವಿಲಿಯಂ ರೊಸೆನ್‌ರೋಡ್, ಜೋಸೆಫ್ ಆಲಿವರ್ ಲ್ಯಾಂಬ್ಟನ್ನನ ಕೈಕೆಳಗೆ ಬೆಳೆದು ಉಪಸಹಾಯಕರಾದವರು. ಅಧಿಕಾರಿಗಳು ಬಂದುಹೋಗುತ್ತಿದ್ದರು: ವಾರನ್ ಹೋದ, ಹೆನ್ರಿ ಕೇಟರ್ ಹೋದ. ಇವರು ಉಳಿದರು. ಸಾವನದುರ್ಗದಂಥ ಬಂಡೆಯ ಮೇಲೆ ನಿಂತು ಕೋನ ಓದುವುದೂ ಮಳೆಗಾಲದಲ್ಲಿ ಕೂತು ಲಾಗರಿತಮ್ ಕೂಡುವುದೂ ಇವರ ಪಾಲು. 1808ರಲ್ಲಿ, ಅತ್ತ ಕುರ್ಲಾ ವಾಡಿಯಾ ಕೈ ಸೇರಿದ ವರ್ಷವೇ, ತಂಜಾವೂರಿನ ದೊಡ್ಡ ದೇವಾಲಯದ ಗೋಪುರಕ್ಕೆ ಏರಿಸುವಾಗ ಹಗ್ಗ ಕೈಕೊಟ್ಟು ಕೋನ ಅಳೆಯುವ ಅರ್ಧ ಟನ್ ತೂಕದ ಥಿಯೊಡೊಲೈಟ್ ಗೋಡೆಗೆ ಬಡಿದು ಅದರ ವೃತ್ತ ಸೊಟ್ಟಗಾಯಿತು. ಸಮುದ್ರದಲ್ಲಿ ಫ್ರೆಂಚರ ವಶವಾಗಿ, ಮಾರಿಷಸ್ಸಿನ ಗವರ್ನರನ ಸೌಜನ್ಯದಿಂದ ಮದ್ರಾಸಿಗೆ ಬಂದಿದ್ದ ಉಪಕರಣ ಅದು. ಲ್ಯಾಂಬ್ಟನ್ ಆರು ವಾರ ಕೂತು ತಾನೇ ಅದನ್ನು ಎಳೆದೆಳೆದು ಸರಿಪಡಿಸಿದ. ಇದು ಎಲ್ಲರೂ ಹೇಳುವ ಕಥೆ. ಸರಿಪಡಿಸಿದ ಉಪಕರಣವನ್ನು ಮತ್ತೆ ಬೆಟ್ಟ ಹತ್ತಿಸಿದ ಬಡಗಿ, ಕಮ್ಮಾರ, ಕೂಲಿಗಳ ಹೆಸರು ಯಾವ ಕಥೆಯಲ್ಲೂ ಇಲ್ಲ. ಈ ಲೇಖನದ ವಾದದ ಮಿತಿಯೂ ಅದೇ: ಸಂಬಳದ ಪುಸ್ತಕ ಹಕ್ಕುಪತ್ರಕ್ಕಿಂತ ಉದಾರವಾದರೂ ಒಂದು ಮೆಟ್ಟಿಲಿನ ಕೆಳಗೆ ಅದೂ ಎಣಿಕೆಯನ್ನಷ್ಟೇ ಬರೆಯುತ್ತದೆ.

1817ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ಬಂತು. 1818ರಲ್ಲಿ ಸರ್ವೆ ಮದ್ರಾಸಿನಿಂದ ಗವರ್ನರ್ ಜನರಲ್ ಆಡಳಿತಕ್ಕೆ ಸೇರಿ, ಜಾರ್ಜ್ ಎವರೆಸ್ಟ್ ಮುಖ್ಯ ಸಹಾಯಕನಾಗಿ ಬಂದ. 1822ರಲ್ಲಿ ಚಿತ್ರಕಾರ ವಿಲಿಯಂ ಹ್ಯಾವೆಲ್ ಬಿಡಿಸಿದ ಭಾವಚಿತ್ರ ಈಗ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯಲ್ಲಿದೆ. ಹೈದರಾಬಾದಿನಿಂದ ನಾಗಪುರಕ್ಕೆ ಶಿಬಿರ ಸಾಗಿಸುತ್ತ 1823ರ ಜನವರಿ 20ರಂದು ಲ್ಯಾಂಬ್ಟನ್ ಇಂದಿನ ವರ್ಧಾ ಜಿಲ್ಲೆಯ ಹಿಂಗಣಘಾಟದಲ್ಲಿ ತೀರಿಕೊಂಡ. ಜೊತೆಯಲ್ಲಿದ್ದವನು ಡಿ ಪೆನ್ನಿಂಗ್. ಮುಂದೆ ಅವನು ಕಲ್ಕತ್ತೆಯಲ್ಲಿ ಸರ್ವೆಯ ಲೆಕ್ಕಾಚಾರದ ಕಚೇರಿಯ ಮುಖ್ಯಸ್ಥನಾದ. ಅಷ್ಟು ಹೊತ್ತಿಗೆ 1,65,342 ಚದರ ಮೈಲಿ ನೆಲ ತ್ರಿಕೋನಗಳೊಳಗೆ ಬಂದಿತ್ತು. ಕನ್ಯಾಕುಮಾರಿ ಬಳಿಯಿಂದ ಬೀದರ್ ಸೀಮೆಯ ದಾಮರ್ಗಿಡ್ಡದವರೆಗೆ ಸುಮಾರು ಹತ್ತು ಡಿಗ್ರಿ ಅಕ್ಷಾಂಶದ ಚಾಪ ಅಳೆದಾಗಿತ್ತು. ಬೀದರಿನ ಆ ಕೊನೆಯಿಂದ ಪಶ್ಚಿಮಕ್ಕೆ, ಮುಂಬಯಿಯ ಕಡೆಗೆ, ಹೊಸ ಸರಣಿಯೊಂದನ್ನು ಎಳೆಯಲು ಎವರೆಸ್ಟನನ್ನು ಕಳುಹಿಸಿದ್ದು ಲ್ಯಾಂಬ್ಟನ್ನನ ಕೊನೆಯ ಏರ್ಪಾಡುಗಳಲ್ಲೊಂದು. ಪೆಸೋವಾ ಮತ್ತು ವಾಡಿಯಾರ ಕಾಗದಗಳಲ್ಲಿ ಹಳ್ಳಿಗಳ ಹೆಸರು ಮತ್ತು ಗೇಣಿಯಿಂದ ಗುರುತಾಗಿದ್ದ ಕುರ್ಲಾ ಇರುವ ಸಾಲ್ಸೆಟ್‌ನಂಥ ಕರಾವಳಿಯ ನೆಲವೂ ಅಕ್ಷಾಂಶ, ರೇಖಾಂಶಗಳ ಒಂದೇ ಲೆಕ್ಕಕ್ಕೆ ಸೇರಲು ದಾರಿಯಾದದ್ದು ಆ ಸರಣಿಯಿಂದ. 1825ರಲ್ಲಿ ಎವರೆಸ್ಟ್ ಕಾಯಿಲೆ ಬಿದ್ದು ಇಂಗ್ಲೆಂಡಿಗೆ ಹೋದಾಗ ಕೆಲಸ ನಿಲ್ಲಲಿಲ್ಲ. ಸಿರೋಂಜದಿಂದ ಕಲ್ಕತ್ತೆಯವರೆಗಿನ ಉದ್ದನೆಯ ಸರಣಿಯನ್ನು 1832ರ ಹೊತ್ತಿಗೆ ಮುಗಿಸಿದವನು ಮದ್ರಾಸಿನ ಶಾಲೆಯ ಹುಡುಗ ಆಲಿವರ್. ಎವರೆಸ್ಟ್ ಮರಳಿ ಬಂದು ಚಾಪವನ್ನು ಡೆಹರಾಡೂನಿನವರೆಗೆ ಒಯ್ದಾಗ ಅವನೂ ರೊಸೆನ್‌ರೋಡನೂ ಆ ಶಿಬಿರದಲ್ಲಿದ್ದರು.